ಮೊದಲ ಮೂರು ಧಾರಿ

ಮುಂಜಾನಿ ಐದೂವರಿಗೆ ಡೇರಿ ಶಟರ ಎತ್ತಾಕಿ ನಾನು.
ಘಟಪ್ರಭಾದ ಮಂಜು
ಇನ್ನೂ ಕಬ್ಬಿನ ಸೋಗಿಗೆ ಜೋತಬಿದ್ದಿರತದ,
ಪಾಳಿ ಹಚ್ಚಿರತಾವ ಕಿಟ್ಲಿ, ತಂಬಗಿ, ಒಂದು ಮುರುಕ ಬಕೀಟು.
ಭರಮವ್ವಂದು ನಾಕೂವರಿ ಫ್ಯಾಟು.
ಮಕಾನದಾರ ದಸ್ತಗೀರಂದು ನಾಕು.
ಹಾಲು ಸುಳ್ಳ ಹೇಳೂದಿಲ್ಲ,
ಹೇಳಿದರೂ ಮಿಷನ್ ಕೇಳೂದಿಲ್ಲ.

ಅವತ್ತ ಪಾಳಿಯೊಳಗ ಏಳನೇದಾಕಿ
ನಮ್ಮತ್ತಿ, ನೀಲವ್ವ.
ಸೊಸಿ ಅಂತ ಆಕಿ ನಗಲಿಲ್ಲ,
ಅತ್ತಿ ಅಂತ ನಾ ಏಳಲಿಲ್ಲ.
ಬಿಳಿ ತಾಟಿನ ಗುಳಿಯಾಗ ಆಕಿ ಹಾಲು,
ಅದರ ಮ್ಯಾಲ ಅಷ್ಟ ಕೆನ್ನೀಲಿ ಔಷಧ,
ತಿರುವಿದೆ.
ಹರೀಲಿಲ್ಲ.
ಲೋಳಸರ ಕೊಯ್ದಂಗ ಎಳಿ ಎಳಿ ಆತು.

"ಅತ್ತಿ, ಈ ಹಾಲು ತಗೊಳ್ಳಾಕ ಬರೂದಿಲ್ಲ."

ಹಿಂದಿನ ಪಾಳಿ ಮಾತು ನಿಲ್ಲಿಸಿತು.
ಅತ್ತಿ ಕಿಟ್ಲಿ ಮುಚ್ಚಿದ ಸಪ್ಪಳ
ರಾತ್ರಿ ಊಟದ ತನಕ ಮನಿಯಾಗ ತಿರಗಾಡಿತು.
ನನ್ನ ತಾಟಿನ್ಯಾಗ ರೊಟ್ಟಿ ಬಿತ್ತು,
ಪಲ್ಯ ಬೀಳಲಿಲ್ಲ.
"ಮೂವತ್ತೆಂಟ ವರ್ಷ ಹಿಂಡೇನಿ" ಅಂದ್ಳು, ಗ್ವಾಡಿಗೆ,
"ಈ ಕೈಗೇ ಹೆಸರಿಡತಾರ."

ಕೈಗಲ್ಲ ಅತ್ತಿ.
ಕೈಗೂ ಹೌದು.
ಒಂದ ಅರಿವಿಯಿಂದ ಮೂರೂ ಆಕಳ ಒರಸೂದು,
ಹಾಲಾಗ ಬೆರಳ ಅದ್ದಿ ಮೊಲಿ ಜಗ್ಗೂದು,
ಹಿಂಡಿ ಎದ್ದಕೂಡಲೆ ಬಿಳಿಗಾಲಿ
ಹಸಿ ಸಗಣಿ ಮ್ಯಾಲ ಮಕ್ಕೊಳ್ಳೂದು.
ಹಿಂಡಿದ ಮೊಲಿ ಅಂದ್ರ ಬಾಗಿಲ ತೆರೆದ ಮನಿ,
ಅಗಳಿ ಬೀಳಾಕ ಅರ್ಧ ತಾಸ ಬೇಕು,
ಅಷ್ಟರಾಗ ಯಾರ್ಯಾರು ಒಳಗ ಹೊಕ್ಕರು
ಆಕಿಗೂ ತಿಳಿಯೂದಿಲ್ಲ, ನಮಗೂ ಇಲ್ಲ.
ಇದನ್ನೆಲ್ಲಾ ನಾ ಹೇಳಲಿಲ್ಲ.
ಹೇಳಿದ್ರ
ಸಾಲಿ ಕಲಿತ ಸೊಸಿ ಆಗತಿದ್ದೆ.

ಮರುದಿನ ನಸಕಿನ್ಯಾಗ
ಇಲಕಲ್ಲಿನ ಕರಿ ಚಂದ್ರಕಾಳಿ ಸೀರೀದೊಂದು ಹರಕು
(ಅತ್ತೀದೇ, ಟ್ರಂಕಿನ ತಳದ್ದು, ಸೆರಗ ಹೋಗಿದ್ದು)
ತಂಬಗಿ ಬಾಯಿಗೆ ಬಿಗದು ಮುಂದಿಟ್ಟೆ.
"ಮೊದಲ ಮೂರು ಧಾರಿ ಇದರ ಮ್ಯಾಲ ಬಿಡ್ರಿ.
ನಾ ಏನೂ ಅನ್ನೂದಿಲ್ಲ."

ಮುಂದಿನ ಬಲ ಮೊಲಿ, ಹಾಲು ಅರಿವಿಯಾಗ ಇಳೀತು.
ಮುಂದಿನ ಎಡ, ಇಳೀತು.
ಹಿಂದಿನ ಎಡ, ಅದೂ ಇಳೀತು.
ಹಿಂದಿನ ಬಲ
ಕರಿ ನೇಯ್ಗಿ ಮ್ಯಾಲ ಕೂತವು
ಅಕ್ಕಿನುಚ್ಚಿನಂಥ ಕಾಳು.
ಇಷ್ಟ ದಿನ ಬಿಳೇದರಾಗ ಬಿಳೇದು ಅಡಗಿತ್ತು,
ಕರೇದು ಹೇಳಿಬಿಟ್ಟಿತು.

ಅತ್ತಿ ಬಹಳ ಹೊತ್ತು ನೋಡಿದಳು.
ಅಂಗೈ ಕೆಚ್ಚಲಕ್ಕ ಹಚ್ಚಿದಳು.
ಬಿಸಿ. ಕಲ್ಲು.
ಬಿಳಿಗಾಲಿ ಕಾಲ ಎತ್ತಿತು, ಒದೀಲಿಲ್ಲ.

"ನಿನ್ನ ಗಂಡ ಹುಟ್ಟಿ ಹನ್ನೊಂದನೇ ದಿನ
ನನ್ನ ಎಡ ಎದಿ ಹಿಂಗಾ ಗಡ್ಡಿ ಕಟ್ಟಿತ್ತು.
ಕುಬಸ ತಾಗಿದ್ರ ಜೀವ ಹೋಗತಿತ್ತು.
ಮನಿ ತುಂಬ ಗಂಡಸರು, ಯಾರ ಮುಂದ ಹೇಳ್ಲಿ?
ನನಗರ ಬಾಯಿ ಇತ್ತು.
ಇದಕ್ಕ..."
ಮಾತು ಅಲ್ಲೇ ಬಿಟ್ಟು
ಬಿಸಿನೀರ ಕಾಸಾಕ ಎದ್ದಳು.

ಡಾಕ್ಟರು ಬಂದ, ಮೊಲಿಯೊಳಗ ಔಷಧ ಏರಿಸಿದ.
ಅಂವ ಚೀಟಿಯಾಗ ಬರದಷ್ಟು ದಿನ
ಹನಿ ಹಾಲು ಚೆಲ್ಲಿದ್ರ ಬೈಯೂ ನಮ್ಮತ್ತಿ
ತಾನ ಕುಣಿ ತೋಡಿ ಬಿಳಿಗಾಲಿ ಹಾಲು ಸುರುವಿದಳು.
ಮ್ಯಾಲ ಬೂದಿ ಎಳದಳು.
ಒಂದ ಸಲ ಕೂಡ ಲೆಕ್ಕ ಹಾಕಲಿಲ್ಲ.
(ನಾ ಹಾಕಿದೆ. ಎರಡು ಸಾವಿರದ ಮ್ಯಾಲ.)

ಈಗ ಮೂರು ಮಳಿಗೆ ಮೂರು ಅರಿವಿ.
ಬ್ಯಾನಿ ಆಕಳದ ಪಾಳಿ ಕಡೀಕ.
ಹಿಂಡಿದ ಮ್ಯಾಲ ಕಂದು ಔಷಧದ ಬಟ್ಟಲಾಗ
ಒಂದೊಂದ ಮೊಲಿ ಅದ್ದತಾಳ,
ಕೂಸಿಗೆ ಕಾಡಿಗಿ ತೀಡಿದಂಗ, ಉಸರ ಹಿಡದು.
ಆಮ್ಯಾಲ ಗ್ವಾದಲಿಗೆ ಸೋಗಿ ಚೆಲ್ಲತಾಳ:
"ನಿಂತ ತಿನ್ನು ತಾಯಿ, ಬಾಗಿಲ ಮುಚ್ಚೂತನಕ."
ಬಾಗಿಲಿನ ಮಾತು ನಾ ಹೇಳಿರಲಿಲ್ಲಲ್ಲ,
ಆಕಿಗೆ ಎಲ್ಲಿಂದ ಬಂತು?

ತಿಂಗಳಾದ ಮ್ಯಾಲ ಮತ್ತ ಪಾಳಿಯಾಗ ಏಳನೇದಾಕಿ.
ತಾಟು ತಿರುವಿದೆ. ಹಾಲು ನೀರಾಗಿ ಓಡಿತು.
ನಾ ಚೀಟಿ ಬರಿಯೂದರಾಗ
ತಾಟು ಕಸಗೊಂಡು ಹಿಂದ ಹೊಳ್ಳಿದಳು:
"ಭರಮವ್ವಾ, ನಿಂದ ತಾ ಇಲ್ಲೆ, ನೋಡೂನು."

ರಾತ್ರಿ ನನ್ನ ತಾಟಿನ್ಯಾಗ ಪಲ್ಯ ಬಿತ್ತು.
ಉಪ್ಪು ಕಮ್ಮಿ ಇತ್ತೇನೋ.
ನಾ ಪರೀಕ್ಷಾ ಮಾಡಲಿಲ್ಲ.